ಹಿಂದಿನ ಬೆಂಚಿನಲ್ಲಿ ನಲವತ್ತು ಮೇಷ್ಟ್ರುಗಳು

ಒಬ್ಬೊಬ್ಬರೇ ಇದ್ದಾಗ ನಾವು ಮೇಷ್ಟ್ರುಗಳು ಗಂಭೀರವಾಗಿಯೇ ಇರುತ್ತೇವೆ. ನಲವತ್ತು ಜನರನ್ನು ಒಂದೇ ಕೋಣೆಯಲ್ಲಿ ಕೂರಿಸಿ ನೋಡಿ, ಏನಾದರೊಂದು ಆಗದೆ ಗಂಟೆ ಹೊಡೆಯುವುದಿಲ್ಲ. ನಮ್ಮ ಸಂಸ್ಥೆಗೆ ನಾಲ್ಕು ಶಾಲೆ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ತಿಂಗಳಿಗೊಂದು ಶನಿವಾರ ನಾಲ್ಕೂ ಊರಿನವರು ಒಂದು ಕಡೆ ಸೇರಬೇಕು. ಒಬ್ಬರು ಅಲ್ಲಿನ ಮಕ್ಕಳಿಗೆ ಪಾಠ ಮಾಡಬೇಕು, ಉಳಿದವರು ಹಿಂದೆ ಕೂತು ನೋಡಿ ಕಲಿಯಬೇಕು.

ನಾನು ಚಿಕ್ಕಬಳ್ಳಾಪುರದ ಸಮಾಜ ವಿಜ್ಞಾನದ ಮೇಷ್ಟ್ರು. ಈ ಪದ್ಧತಿ ನಿಂತಿರುವುದೇ ನನ್ನಿಂದ. ಬೇರೆ ಯಾರೂ ಹಾಗೆ ಹೇಳುವುದಿಲ್ಲ, ಆದ್ದರಿಂದ ನಾನೇ ಹೇಳಬೇಕಾಗಿದೆ. ನಮಗೆಲ್ಲ ಈ ಶನಿವಾರಗಳು ಹಬ್ಬ. ಶಿಡ್ಲಘಟ್ಟದ ಗಣಿತದ ಮೇಡಂಗೆ ಮಾತ್ರ ಪ್ರಾಣಸಂಕಟ. ಹೊಸಬರು, ಮುಂದಿನ ವರ್ಷ ಹತ್ತನೇ ಕ್ಲಾಸಿನ ಗಣಿತ ತಮಗೇ ಬೇಕೆಂದು ಕೇಳಿದ್ದರು. "ನಿಮ್ಮ ಶನಿವಾರದ ಪಾಠ ನೋಡಿ ಹೇಳ್ತೀನಿ ಅಮ್ಮಾ" ಎಂದಿದ್ದರು ಸಂಸ್ಥೆಯ ಕಾರ್ಯದರ್ಶಿಗಳು.

೧. ಚುರುಕು ಮಕ್ಕಳು

ಮೊದಲು ಸೇರಿದ್ದು ಗೌರಿಬಿದನೂರಿನಲ್ಲಿ. ಅಲ್ಲಿನ ವಿಜ್ಞಾನದ ಮೇಷ್ಟ್ರು ಆರನೇ ಕ್ಲಾಸಿಗೆ, "ಗಿಡ ತನ್ನ ಆಹಾರ ಎಲ್ಲಿ ತಯಾರಿಸುತ್ತೆ?" ಎಂದರು. ಮಕ್ಕಳು ಇನ್ನೂ ಯೋಚಿಸುತ್ತಿದ್ದರು. ಹಿಂದಿನಿಂದ ನಲವತ್ತು ಗಂಟಲು ಒಟ್ಟಿಗೆ: "ಎಲೆಯಲ್ಲಿ!"

ಮುಂದಿನ ಬೆಂಚಿನ ಹುಡುಗಿ ಹೌಹಾರಿ ಪೆನ್ಸಿಲ್ ಬೀಳಿಸಿದಳು. ಎರಡನೇ ಪ್ರಶ್ನೆಗೂ ಅದೇ ಕಥೆ. ಮೂರನೆಯದಕ್ಕೆ ನಮ್ಮ ಕನ್ನಡದ ಮೇಡಂ, "ನಾನು ಹೇಳ್ತೀನಿ ಸಾರ್, ನಾನು" ಎಂದು ಕೈ ಎತ್ತಿಯೇ ಬಿಟ್ಟರು. ಏನು ಮಾಡುವುದು, ಉತ್ತರ ಗೊತ್ತಿದ್ದೂ ಸುಮ್ಮನಿರುವ ತರಬೇತಿ ನಮಗೆ ಯಾರೂ ಕೊಟ್ಟಿಲ್ಲ.

ಕೊನೆಗೆ ಅಭಿಪ್ರಾಯದ ಹಾಳೆಯಲ್ಲಿ ಅಲ್ಲಿನ ಹೆಡ್‌ಮಾಸ್ಟರು ಬರೆದರು: "ಹಿಂದಿನ ಸಾಲಿನ ಮಕ್ಕಳು ತುಂಬ ಚುರುಕು. ಮುಂದಿನ ಸಾಲಿನವರ ಕಡೆಗೂ ಸ್ವಲ್ಪ ಗಮನ ಕೊಡುವುದು."

೨. ನನ್ನ ಮಹಾಪಾಠ

ಚಿಂತಾಮಣಿಯಲ್ಲಿ ಪಾಠ ನನ್ನದು. ನಾನು ಪಾಠ ಮಾಡುವಾಗ ದಾರಿಹೋಕರು ಕಿಟಕಿಯಲ್ಲಿ ನಿಂತು ಕೇಳುತ್ತಾರೆ. ನಾನು ಕಂಡಿಲ್ಲ, ಆದರೆ ನಿಂತೇ ನಿಂತಿರುತ್ತಾರೆ. ಪಾಠದ ಯೋಜನೆಯನ್ನು, ಎಲ್ಲಿ ಯಾವ ಜೋಕು ಎಂಬುದರ ಸಮೇತ, ಒಂದು ವಾರ ಮೊದಲೇ ನಮ್ಮ ವಾಟ್ಸಾಪ್ ಗುಂಪಿಗೆ ಹಾಕಿದ್ದೆ.

"ಕಾವೇರಿ ನದಿ…" ಎಂದು ಬಾಯಿ ತೆರೆದೆ.

"ತಲಕಾವೇರೀಲಿ ಹುಟ್ಟುತ್ತೆ ಸಾರ್!" ಎಂದಿತು ಇಡೀ ಕ್ಲಾಸು.

ಪ್ರಶ್ನೆಗೆ ಮೊದಲೇ ಉತ್ತರ! ನನ್ನ ಮುಖದಲ್ಲೇ ಜ್ಞಾನ ಕಾಣುತ್ತದೆಂದು ಎದೆ ಉಬ್ಬಿತು. ಅಷ್ಟರಲ್ಲಿ ಒಬ್ಬಳು ಎದ್ದು, "ಸಾರ್, ಇಲ್ಲೊಂದು ಜೋಕ್ ಇತ್ತು. ಬಿಟ್ಬಿಟ್ರಿ" ಎಂದಳು.

ವಿಷಯವೇನೆಂದರೆ, ಬೇರೆ ಊರಿಂದ ಬರುವ ಮೇಷ್ಟ್ರಿಗೆ ಮುಜುಗರವಾಗಬಾರದೆಂದು ಅಲ್ಲಿನ ಮೇಡಂ ನನ್ನ ಪಾಠವನ್ನು ಆ ವಾರದಲ್ಲಿ ಮೂರು ಸಲ ಮಾಡಿ ಮುಗಿಸಿದ್ದರು. ಇಂಥ ಸಹೋದ್ಯೋಗಿಗಳು ಎಲ್ಲಿ ಸಿಗುತ್ತಾರೆ ಹೇಳಿ! ಜೋಕು ಹೇಳಿದೆ. ಆ ಹುಡುಗಿ ನನಗೆ ಸಮಾಧಾನ ಮಾಡಿದಳು: "ಪರ್ವಾಗಿಲ್ಲ ಸಾರ್. ನಮ್ ಮಿಸ್ ಹೇಳ್ದಾಗ ಇನ್ನೂ ಜಾಸ್ತಿ ನಗು ಬಂತು."

೩. ಮಾರ್ಗದರ್ಶಕ

ಮುಂದಿನ ಸರದಿ ಶಿಡ್ಲಘಟ್ಟದ ಗಣಿತದ ಮೇಡಂದು. ರೇಷ್ಮೆಗೂಡಿನಿಂದ ನೂಲು ಬಿಚ್ಚುವ ಕಸುಬಿನ ಮನೆಯವರು. ಮನೆಯಲ್ಲಿ ಉರ್ದು, ಕ್ಲಾಸಿನಲ್ಲಿ ನಮಗಿಂತ ಚೆಂದದ ಕನ್ನಡ. ಮಕ್ಕಳ ಮುಂದೆ ಹುಲಿ. ಹಿರಿಯರು ಎದುರಿಗಿದ್ದರೆ ಮಾತ್ರ ಮಾತೇ ಹೊರಡುತ್ತಿರಲಿಲ್ಲ. ಆ ಭಯ ಬಿಡಿಸಲು ಮಾರ್ಗದರ್ಶಕನಾಗಿ ನೇಮಕವಾದವನು ನಾನು. ಇನ್ಯಾರು ಆಗಬೇಕು?

ಅವರ ಕ್ಲಾಸಿಗೆ ಹೋದೆ. ಎದ್ದು ತಮ್ಮ ಕುರ್ಚಿ ಕೊಟ್ಟರು, ನೀರು ಕೊಟ್ಟರು, ಕೊನೆಗೆ ಚಾಕ್‌ಪೀಸನ್ನೂ ಕೊಟ್ಟರು. "ನೀವೇ ಒಂದೆರಡು ಮಾತು ಹೇಳಿ ಸರ್." ಒಂದೆರಡು ಮಾತು ಹೇಳುವಷ್ಟರಲ್ಲಿ ಗಂಟೆ ಹೊಡೆಯಿತು. ಮಾರನೇ ದಿನವೂ ಹಾಗೇ, ಅದರ ಮಾರನೇ ದಿನವೂ ಹಾಗೇ.

"ಏನಮ್ಮಾ, ನನ್ನಿಂದ ಏನಾದ್ರೂ ಅನುಕೂಲ ಆಯ್ತಾ?" ಎಂದು ಕೇಳಿದೆ.

"ತುಂಬಾ ಸರ್. ನೀವು ಮಾತಾಡೋವಾಗ ಮೂರು ಕ್ಲಾಸಿನ ನೋಟ್‌ಬುಕ್ ತಿದ್ದಿ ಮುಗಿಸಿದೆ."

೪. ಲಾಸ್ಟ್ ಬೆಂಚ್

ಆ ಶನಿವಾರ ಬಂತು. ಶಿಡ್ಲಘಟ್ಟದ ಎಂಟನೇ ಕ್ಲಾಸಿನ ಮಕ್ಕಳು ಮುಂದೆ, ನಾಲ್ಕು ಊರಿನವರು ಹಿಂದೆ. ಕಟ್ಟಕಡೆಯ ಬೆಂಚಿನಲ್ಲಿ ನಾನು ಮತ್ತು ಕಾರ್ಯದರ್ಶಿಗಳು ಇಬ್ಬರೇ. ಮೇಡಂ ಬೋರ್ಡಿನ ಮೇಲೆ ಬರೆದರು: ನಾಲ್ಕು ಜನ ಆರು ದಿನದಲ್ಲಿ ಬಿಚ್ಚುವ ಗೂಡನ್ನು ಎಂಟು ಜನ ಎಷ್ಟು ದಿನದಲ್ಲಿ ಬಿಚ್ಚುತ್ತಾರೆ?

ಓದಿ ಹೇಳಿದರು. ಧ್ವನಿ ಮೂರನೇ ಬೆಂಚು ದಾಟಲಿಲ್ಲ. ಕೇಳಿಸದ ಮೇಲೆ ನಮ್ಮವರು ಸುಮ್ಮನಿರುತ್ತಾರೆಯೇ? ಗೌರಿಬಿದನೂರಿನವರು ಕಡಲೆಕಾಯಿ ಬಿಡಿಸತೊಡಗಿದರು. ಚಿಂತಾಮಣಿಯವರು ತೆಲುಗಿನಲ್ಲಿ ಮಧ್ಯಾಹ್ನದ ಊಟದ ವಿಚಾರ ತೆಗೆದರು. ನಾನು ಕಾರ್ಯದರ್ಶಿಗಳಿಗೆ ನನ್ನ ಮಾರ್ಗದರ್ಶನದ ಮಹಿಮೆ ಹೇಳುತ್ತಿದ್ದೆ, ಸ್ವಲ್ಪ ಜೋರಾಗಿಯೇ. ಮಕ್ಕಳು ಬೋರ್ಡು ಬಿಟ್ಟು ನಮ್ಮನ್ನೇ ನೋಡತೊಡಗಿದರು.

ಡಸ್ಟರ್ ಮೇಜಿನ ಮೇಲೆ ಠಪ್ಪೆಂದಿತು.

"ಲಾಸ್ಟ್ ಬೆಂಚ್! ನನ್ನ ಮಕ್ಕಳಿಗೆ ಪಾಠ ಕೇಳಿಸ್ತಿಲ್ಲ. ಎದ್ದು ನಿಂತ್ಕೊಳ್ಳಿ!"

ಎದ್ದೆ. ಪಕ್ಕದಲ್ಲಿ ಕಾರ್ಯದರ್ಶಿಗಳೂ ಎದ್ದಿದ್ದರು. ಅವರನ್ನು ಕಂಡು ಮೇಡಂ ಮುಖ ಬಿಳಚಿಕೊಂಡಿತು. ಹೋಯಿತು ಹತ್ತನೇ ಕ್ಲಾಸು ಎಂದುಕೊಂಡೆ. ಆದರೆ ಮಕ್ಕಳೆಲ್ಲ ಉಸಿರು ಬಿಗಿಹಿಡಿದು ತಮ್ಮ ಮಿಸ್ಸನ್ನೇ ನೋಡುತ್ತಿದ್ದರು. ಅವರ ಕಡೆ ಒಮ್ಮೆ ನೋಡಿ ಮೇಡಂ ನೆಟ್ಟಗೆ ನಿಂತರು.

"ಉತ್ತರ ಹೇಳಿ ಸರ್. ಎಷ್ಟು ದಿನ?"

ಕಾರ್ಯದರ್ಶಿಗಳು ನನ್ನ ಕಡೆ ವಾಲಿದರು. "ಹನ್ನೆರಡು" ಎಂದು ಪಿಸುಗುಟ್ಟಿದೆ.

"ಹನ್ನೆರಡು" ಎಂದರು ಅವರು, ಧೈರ್ಯವಾಗಿ.

"ಯಾರು ಹೇಳ್ಕೊಟ್ಟಿದ್ದು?"

ಅಷ್ಟು ದೊಡ್ಡ ಮನುಷ್ಯರು, ಸ್ವಲ್ಪವೂ ಸಂಕೋಚವಿಲ್ಲದೆ ನನ್ನ ಕಡೆ ಬೆರಳು ತೋರಿಸಿದರು.

"ಜನ ಜಾಸ್ತಿಯಾದ್ರೆ ದಿನಾನೂ ಜಾಸ್ತಿಯಾಗುತ್ತಮ್ಮಾ. ನಮ್ಮ ಸಂಸ್ಥೆಯ ಎಲ್ಲಾ ಸಮಿತಿಗಳಲ್ಲೂ ನೋಡಿದ್ದೀನಿ" ಎಂದೆ.

"ಇದು ಸಮಿತಿ ಅಲ್ಲ ಸರ್. ಇಲ್ಲಿ ಎಂಟು ಜನಾನೂ ಕೆಲಸ ಮಾಡ್ತಾರೆ."

ನಲವತ್ತು ಜನರ ನಗೆಗೆ ಕಿಟಕಿ ಅದುರಿತು. ಮುಂದಿನ ಬೆಂಚಿನ ಹುಡುಗಿ ನಮ್ಮಿಬ್ಬರಿಗೂ ಬಿಡಿಸಿ ಹೇಳಿದಳು: "ಕೈ ಎರಡರಷ್ಟಾದ್ರೆ ದಿನ ಅರ್ಧ ಸಾರ್. ಮೂರು." ಕಾರ್ಯದರ್ಶಿಗಳು "ಮೂರು" ಎಂದು ಒಪ್ಪಿಸಿದರು. ಮೇಡಂ ಅವರಿಗೆ, "ಸರಿ, ಕೂತ್ಕೊಳ್ಳಿ ಸರ್" ಎಂದರು. ರ‍್ಯಾಂಕು ಬಂದವರ ಹಾಗೆ ಕೂತರು.

ಆಮೇಲೆ ಆ ಮೇಡಂ ಮಾಡಿದ ಪಾಠ! ಧ್ವನಿ ರಸ್ತೆಯ ತನಕ ಹೋಗುತ್ತಿತ್ತು. ಕಡಲೆಕಾಯಿ ಪೊಟ್ಟಣಗಳು ತಾವಾಗಿಯೇ ಮುಚ್ಚಿಕೊಂಡವು. ಮೂವತ್ತು ವರ್ಷದಿಂದ ನನ್ನ ತಲೆಗೆ ಹತ್ತದ ಲೆಕ್ಕ ಆವತ್ತು ಹತ್ತಿತು. ಕೊನೆಯಲ್ಲಿ ಕಾರ್ಯದರ್ಶಿಗಳು ಕೈ ಎತ್ತಿ, ಅನುಮತಿ ಪಡೆದು, "ಹತ್ತನೇ ಕ್ಲಾಸು ನಿಮ್ಮದೇ ಮೇಡಂ" ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು, ಕೂತಲ್ಲಿಂದಲೇ. ಅಷ್ಟು ಜನರಲ್ಲಿ ಎದ್ದು ನಿಂತು ಗೌರವದಿಂದ ಚಪ್ಪಾಳೆ ತಟ್ಟಿದವನು ನಾನೊಬ್ಬನೇ. ನನಗಿನ್ನೂ "ಕೂತ್ಕೊಳ್ಳಿ" ಅಂದಿರಲಿಲ್ಲ.