ಹಿತ್ತಲ ತುಂಬ ಕಳೆ

"ಇನ್ನು ಮೂರೇ ತಿಂಗಳು! ಆಮೇಲೆ ಈ ಅಡುಗೆಮನೆಗೆ ಹೊರಗಿನ ಒಂದು ಸೊಪ್ಪಿನ ಎಲೆಯೂ ಕಾಲಿಡಕೂಡದು!" ಎಂದು ಭಾನುವಾರ ಬೆಳಿಗ್ಗೆ ಕುರ್ಚಿಯಿಂದ ಎದ್ದು ನಿಂತು ಘೋಷಿಸಿದೆ. ಎದ್ದು ನಿಲ್ಲುವ ಅಗತ್ಯವೇನೂ ಇರಲಿಲ್ಲ. ಆದರೆ ಇತಿಹಾಸ ನಿರ್ಮಿಸುವವರು ಕೂತು ಮಾತಾಡುವುದಿಲ್ಲ.

ನನ್ನವಳು ಕಿಟಕಿಯ ಬಳಿ ಯಾರದೋ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಮನೆಯಲ್ಲೇ ಕೂತು ಹೊಲಿಯುವುದು ಅವಳ ಕಸುಬು. ದಾರವನ್ನು ಹಲ್ಲಿನಿಂದ ಕಡಿದು, "ಎಲೆಗೆ ಕಾಲಿರಲ್ಲ ರೀ" ಎಂದಳು.

"ಅದು ಅಲಂಕಾರ! ನಿನಗೆ ಗೊತ್ತಾಗಲ್ಲ."

"ಅಲಂಕಾರ ಹಾಗಿರ್ಲಿ. ಹೋದ ವರ್ಷ ಅಪ್ಪ ಕೊಟ್ಟ ಕಳ್ಳಿ ಗಿಡ ಏನಾಯ್ತು?"

ತೂತು ಬಿದ್ದ ಜಾಗಕ್ಕೇ ಸೂಜಿ ಹಾಕುವುದು ಅವಳಿಗೆ ಅಭ್ಯಾಸ. ನನ್ನ ಮಾವ ನಲವತ್ತು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡಿ ನಿವೃತ್ತರಾದವರು. "ಇದಕ್ಕೆ ನೀವು ಏನೂ ಮಾಡ್ಬೇಕಾಗಿಲ್ಲ, ಅಳಿಯಂದಿರೇ" ಎಂದು ನನಗೊಂದು ಕಳ್ಳಿ ಗಿಡ ಕೊಟ್ಟಿದ್ದರು. ನಾನು ಪ್ರೀತಿಯಿಂದ ದಿನಕ್ಕೆ ಎರಡು ಚೊಂಬು ನೀರು ಹಾಕಿದೆ. ತಿಂಗಳಲ್ಲಿ ಅದು ಕೊಳೆತು ಲೋಳೆಯಾಯಿತು. ಮಾವ ಬಂದು ಅದನ್ನು ಬೆರಳಿನಿಂದ ಒತ್ತಿ ನೋಡಿ, ಮಗಳಿಗೆ ಮಾತ್ರ ಕೇಳುವ ಹಾಗೆ, ಅಂದರೆ ನನಗೂ ಕೇಳುವ ಹಾಗೆ, "ನಿನ್ನ ಗಂಡ ಪ್ಲಾಸ್ಟಿಕ್ ಗಿಡ ಇಟ್ಕೊಳ್ಲಿ. ಅದಕ್ಕೂ ತುಂಬ ಹತ್ರ ಹೋಗೋದು ಬೇಡ" ಎಂದಿದ್ದರು.

ಆ ಮಾತು ನನ್ನೊಳಗೆ ಒಂದು ವರ್ಷದಿಂದ ಚುಚ್ಚುತ್ತಿತ್ತು. ಕಳ್ಳಿ ಸತ್ತರೂ ಮುಳ್ಳು ನನ್ನಲ್ಲೇ ಉಳಿದಿತ್ತು! ಅಲ್ಲೇ ಫೋನ್ ಎತ್ತಿಕೊಂಡೆ.

"ಮಾವ, ಮೂರು ತಿಂಗಳು ಬಿಟ್ಟು ಊಟಕ್ಕೆ ಬನ್ನಿ. ತಟ್ಟೇಲಿರೋ ತರಕಾರಿಯೆಲ್ಲ ನಮ್ಮ ಹಿತ್ತಲದ್ದೇ!"

ಆ ಕಡೆಯಿಂದ ಮಾವ, "ಹಾಗೇನಾದ್ರೂ ಆದ್ರೆ ನನ್ನ ಕುರ್ಪಿ ನಿಮಗೇ" ಎಂದರು.

ನನಗೆ ರೋಮಾಂಚನವಾಯಿತು. ಕೈತೋಟ ಅಗೆಯುವ ಆ ಪುಟ್ಟ ಕುರ್ಪಿಯನ್ನು ಮಾವ ಯಾರಿಗೂ ಮುಟ್ಟಗೊಡುವವರಲ್ಲ. ಮರದ ಹಿಡಿ ಸವೆದು ಅವರ ಬೆರಳಿನ ಗುರುತೇ ಬಿದ್ದುಹೋಗಿದೆ. ಅದು ನನ್ನ ಕೈಗೆ ಬಂತೆಂದರೆ ನಾನು ಕೊನೆಗೂ ಅವರ ಲೆಕ್ಕದಲ್ಲಿ ಮನುಷ್ಯನಾದೆ ಎಂದೇ ಅರ್ಥ. ನಿಜ ಹೇಳುತ್ತೇನೆ, ನನಗೆ ಬೇಕಾಗಿದ್ದದ್ದು ತರಕಾರಿಯಲ್ಲ, ಆ ಕುರ್ಪಿ.

ಹಿತ್ತಲಲ್ಲಿ ಬಟ್ಟೆ ಒಣಹಾಕುವ ನಾಲ್ಕು ಹಗ್ಗಗಳಿದ್ದವು. ನನ್ನವಳು ಅವನ್ನು ಬಿಚ್ಚಿ ಮಹಡಿಗೆ ಸಾಗಿಸಿದಳು. ನಾನು ಆ ಮಹಡಿ ಹತ್ತುವವನಲ್ಲ. ಹತ್ತಿದವನ ಕೈಗೆ ಒದ್ದೆ ಚಾದರದ ಇನ್ನೊಂದು ತುದಿ ಬಂದೇ ಬರುತ್ತದೆ.

ಗುದ್ದಲಿ ಹಿಡಿದೆ. ಮೂರನೆಯ ಏಟಿಗೆ ನೆಲ ನನ್ನ ಮುಖಕ್ಕೆ ಉಗಿಯಿತು! ನೀರಿನ ಪೈಪು! ಆಳೆತ್ತರದ ಕಾರಂಜಿ! ಕೊಳಾಯಿ ರಿಪೇರಿಯವನು ಬಂದು ಸೊಂಟದ ಮೇಲೆ ಕೈಯಿಟ್ಟು, "ಗಿಡ ಆಮೇಲೆ, ಮೊದ್ಲು ನೀರಿನ ವ್ಯವಸ್ಥೆ ಅಂತ ಶುರು ಮಾಡಿದ್ರಾ ಸಾರ್?" ಎಂದು ಕೇಳಿದ.

ಅವನು ನಕ್ಕದ್ದು ಹೋಗಲಿ. ನನ್ನ ಅಂಗಿಯ ಜೇಬಿನಲ್ಲಿದ್ದ ನಾಲ್ಕು ಬೀಜದ ಪೊಟ್ಟಣಗಳು ನೆನೆದು, ಒಡೆದು, ಟೊಮೇಟೊ, ಬೀನ್ಸ್, ಮೂಲಂಗಿ, ಪಾಲಕ್ ನಾಲ್ಕೂ ಕಲಸಿಹೋಗಿದ್ದವು. ಜೇಬನ್ನೇ ತಿರುವಿ ಹಾಕಿ, ಎಲ್ಲವನ್ನೂ ಹಿತ್ತಲಿಗೆ ಚೆಲ್ಲಿದೆ. ಹುಟ್ಟಿದ ಮೇಲೆ ಗೊತ್ತಾಗದೆ ಇರುತ್ತದೆಯೇ!

ಹದಿನೈದು ದಿನಕ್ಕೆ ಹಿತ್ತಲು ಹಸಿರೋ ಹಸಿರು. ಆದರೆ ಒಂದು ಪೇಚು. ಎಲ್ಲೆಲ್ಲೂ ಹಲ್ಲುಹಲ್ಲು ಎಲೆಯ ಒಂದೇ ಥರದ ಸಾವಿರಾರು ಸಸಿಗಳು. ಅವುಗಳ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಥರದವು, ಒಂದಕ್ಕೊಂದು ಹೋಲಿಕೆಯೇ ಇಲ್ಲ. ಯಾವುದು ನನ್ನದು, ಯಾವುದು ತಾನಾಗಿ ನುಗ್ಗಿದ್ದು?

ಇಲ್ಲಿ ನನ್ನ ಉದ್ಯೋಗ ಕೈಹಿಡಿಯಿತು. ನಾನು ಅಚ್ಚುಕೂಟದಲ್ಲಿ ಕರಡು ತಿದ್ದುವವನು. ನಮ್ಮಲ್ಲೊಂದು ನಿಯಮವಿದೆ. ಒಂದೇ ಪದ ಪುಸ್ತಕದಲ್ಲಿ ಮುನ್ನೂರು ಕಡೆ ಒಂದು ಥರ, ಹತ್ತು ಕಡೆ ಇನ್ನೊಂದು ಥರ ಇದ್ದರೆ, ಮುನ್ನೂರೇ ಸರಿ, ಹತ್ತು ತಪ್ಪು. ಕೆಂಪು ಪೆನ್ನು ಎತ್ತು, ತೆಗೆದುಹಾಕು! ಇಪ್ಪತ್ತೆರಡು ವರ್ಷದಲ್ಲಿ ಈ ನಿಯಮ ನನಗೆ ಕೈಕೊಟ್ಟಿಲ್ಲ. ಪಂಚೆ ಎತ್ತಿ ಕಟ್ಟಿ ಹಿತ್ತಲಿಗೆ ಇಳಿದೆ. ಮೂರು ಗಂಟೆ ಕೂತು ನೂರಾ ಹದಿನಾಲ್ಕು ಅಚ್ಚಿನ ದೋಷಗಳನ್ನು ಬೇರುಸಹಿತ ಕಿತ್ತೆ.

ಕಿತ್ತ ರಾಶಿಯನ್ನು ಗೋಡೆಯಾಚೆ ಎಸೆಯಲು ಹೊರಟಾಗ ನನ್ನವಳು ಬಾಗಿಲಿಗೆ ಬಂದಳು. ರಾಶಿ ನೋಡಿದಳು. ನನ್ನನ್ನು ನೋಡಿದಳು.

"ಇವನ್ನ ಯಾಕ್ರೀ ಕಿತ್ತಿದ್ದು?"

"ಅಲ್ಪಸಂಖ್ಯಾತ ತಪ್ಪುಗಳು. ನಿನಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ ಬಿಡಿ" ಎಂದು ನಿಟ್ಟುಸಿರು ಬಿಟ್ಟಳು. "ಎಸೀಬೇಡಿ, ಆ ಬಟ್ಟೆ ಬಕೆಟ್ಟಿಗೆ ಹಾಕಿ."

ಹಾಕಿದೆ. ಅವಳು ಬಕೆಟ್ಟು ಎತ್ತಿಕೊಂಡು ಮಹಡಿ ಹತ್ತಿದಳು. ಯಾಕೆಂದು ನಾನು ಕೇಳಲಿಲ್ಲ. ಮಹಡಿಯ ವಿಷಯ ನಾನು ಎಂದೂ ಕೇಳುವವನಲ್ಲ.

ಮುಂದಿನದೆಲ್ಲ ವೈಭವ! ಎರಡು ಹೊತ್ತು ನೀರು, ವಾರಕ್ಕೊಮ್ಮೆ ಗೊಬ್ಬರ, ಚಹಾದ ಚರಟ, ಪ್ರೀತಿಯ ನಾಲ್ಕು ಮಾತು. ಗಿಡಗಳು ಮೊಣಕಾಲಿಗೆ ಬಂದವು, ಸೊಂಟಕ್ಕೆ ಬಂದವು, ಎದೆಯುದ್ದ ನಿಂತವು. ಕಾಯಿ ಮಾತ್ರ ಇನ್ನೂ ಇರಲಿಲ್ಲ. ದೊಡ್ಡವರು ನಿಧಾನ ಎಂದುಕೊಂಡೆ. ಒಂದು ದಿನ ನನ್ನವಳು ಕಿಟಕಿಯಿಂದ ಇಣುಕಿ, "ಹಿತ್ತಲ ತುಂಬ ಕಳೆ ರೀ!" ಎಂದಳು.

ಹದಿನಾರು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ! "ಥ್ಯಾಂಕ್ಸ್" ಎಂದೆ. ಅವಳು ಯಾಕೋ ನನ್ನನ್ನೇ ದಿಟ್ಟಿಸಿದಳು. ವಾರ ಬಿಟ್ಟು ಮತ್ತೆ, "ಕಳೆ ದಿನೇ ದಿನೇ ಏರ್ತಾ ಇದೆ, ನೋಡಿದ್ರಾ?" ಎಂದಳು. "ಥ್ಯಾಂಕ್ಸ್! ಎಲ್ಲ ನಿನ್ನ ಅಭಿಮಾನ!" ಎಂದೆ. ಅಚ್ಚುಕೂಟದಲ್ಲಿ ಅಂದು ಎಲ್ಲರಿಗೂ ಹೇಳಿದೆ, ನಮ್ಮ ಹಿತ್ತಲಿಗೆ ಈಗ ಮದುಮಗಳ ಕಳೆ ಎಂದು.

ಮೂರು ತಿಂಗಳು ತುಂಬಿದ ಭಾನುವಾರ ಮಾವ ಬಂದರು. ಕೈಯಲ್ಲಿ ಬಟ್ಟೆ ಸುತ್ತಿದ ಕುರ್ಪಿ! ಅವರ ಕೈಹಿಡಿದು ನೇರ ಹಿತ್ತಲಿಗೇ ಕರೆದೊಯ್ದೆ. ಮಾವ ಕನ್ನಡಕ ಹಾಕಿಕೊಂಡರು. ತೆಗೆದರು. ಒರೆಸಿ ಮತ್ತೆ ಹಾಕಿಕೊಂಡರು.

"ಇದಕ್ಕೆ ನೀರು ಹಾಕಿದ್ರಾ?"

"ದಿನಕ್ಕೆ ಎರಡು ಸಲ, ಮಾವ!"

"ಗೊಬ್ಬರ?"

"ವಾರವಾರ!"

ಮಾವ ಒಂದು ಎಲೆ ಕಿತ್ತು ಮೂಸಿದರು. "ಇದನ್ನ ಕೀಳೋರನ್ನ ನೋಡಿದೀನಿ, ಸುಡೋರನ್ನ ನೋಡಿದೀನಿ. ಗೊಬ್ಬರ ಹಾಕಿ ಸಾಕಿದೋರು ಲೋಕದಲ್ಲಿ ನೀವೊಬ್ಬರೇ."

"ಇದು... ಏನು ಮಾವ ಇದು?"

"ಕಳೆ."

ನಾನು ನನ್ನವಳ ಕಡೆ ತಿರುಗಿದೆ. "ಕಳೆ ಅಂತ ನನಗೆ ಮೊದಲೇ ಹೇಳಬಾರದಿತ್ತಾ?"

"ಎರಡು ಸಲ ಹೇಳಿದೆ. ಎರಡು ಸಲಾನೂ ಥ್ಯಾಂಕ್ಸ್ ಅಂದ್ರಿ!"

ನೆಲ ಬಾಯಿಬಿಟ್ಟರೆ ಇಳಿದುಬಿಡುತ್ತಿದ್ದೆ. ಆದರೆ ಅಲ್ಲೂ ಅದೇ ಬೇರು ತುಂಬಿತ್ತು. ಕುರ್ಪಿ ಹೋಯಿತು, ಮರ್ಯಾದೆ ಹೋಯಿತು. ಅಳು ಬರುವಂತಾಗಿ, "ಮಾವ, ಹೋಟೆಲಿಂದ ಊಟ ತರಿಸ್ತೀನಿ" ಎಂದೆ.

"ಬೇಡ, ಅಡುಗೆ ಆಗಿದೆ" ಎಂದಳು ನನ್ನವಳು. "ಮೊದಲು ಇಬ್ಬರೂ ಮಹಡಿಗೆ ಬನ್ನಿ."

ಮೂರು ತಿಂಗಳಲ್ಲಿ ಮೊದಲ ಸಲ ಮಹಡಿ ಹತ್ತಿದೆ. ಬಟ್ಟೆಯ ಹಗ್ಗಗಳ ಕೆಳಗೆ, ಒಡೆದ ಬಕೆಟ್ಟು, ಬಣ್ಣದ ಡಬ್ಬ, ನನ್ನ ಹಳೆಯ ಸೂಟ್‌ಕೇಸು, ಎಲ್ಲದರಲ್ಲೂ ಗಿಡ! ಕೆಂಪು ಟೊಮೇಟೊ! ತೂಗುವ ಬೀನ್ಸ್! ಕೊಯ್ದು ಕೊಯ್ದು ಮತ್ತೆ ಚಿಗುರಿದ ಪಾಲಕ್! ಕಿತ್ತು ನೆಟ್ಟ ಸಿಟ್ಟಿಗೆ ಎರಡೆರಡು ಕಾಲು ಕವಲೊಡೆದ ಮೂಲಂಗಿ! ನನ್ನ ನೂರಾ ಹದಿನಾಲ್ಕು ಅಚ್ಚಿನ ದೋಷಗಳು ಗಾಳಿಗೆ ತಲೆದೂಗುತ್ತಾ ನಿಂತಿದ್ದವು.

ಮಾವ ಒಂದೊಂದನ್ನೂ ಮುಟ್ಟಿ ನೋಡಿದರು. ಬಟ್ಟೆ ಬಿಚ್ಚಿ ಕುರ್ಪಿ ತೆಗೆದರು. ತನ್ನಷ್ಟಕ್ಕೆ ನನ್ನ ಕೈ ಮುಂದೆ ಹೋಯಿತು. ಕುರ್ಪಿ ಅದನ್ನು ದಾಟಿಕೊಂಡು ಮಗಳ ಕೈಗೆ ಹೋಯಿತು.

"ನನಗೆ, ಮಾವ?"

"ನಿಮಗೂ ಕೆಲಸ ಇದೆ. ಊಟ ಆದ್ಮೇಲೆ ಹಿತ್ತಲಿಗೆ ಇಳೀರಿ. ಯಾವುದನ್ನ ಕೀಳ್ಬೇಕು ಅಂತ ತಲೆ ಕೆಡಿಸ್ಕೊಳ್ಳೋ ಹಾಗೇ ಇಲ್ಲ. ಇರೋದೆಲ್ಲ ಅದೇ!"

ಊಟಕ್ಕೆ ಕೂತೆ. ತಟ್ಟೆಯ ತುಂಬ ನಾನೇ ಕಿತ್ತುಹಾಕಿದ ತರಕಾರಿ, ಅದರ ರುಚಿಯೋ, ನನ್ನನ್ನು ಅಣಕಿಸುವಷ್ಟು ಚೆನ್ನಾಗಿತ್ತು. ತಲೆ ತಗ್ಗಿಸಿ ಮೂರನೆಯ ಸಲ ಬಡಿಸಿಕೊಳ್ಳುತ್ತಿದ್ದಾಗ ಮಾವನಿಗೆ ಕನಿಕರ ಬಂದಿರಬೇಕು.

"ಪಾಪ, ಅಳಿಯಂದಿರ ಮುಖದಲ್ಲಿ ಕಳೆಯೇ ಇಲ್ವಲ್ಲಮ್ಮ!"

"ಎಲ್ಲಿಂದ ಬರ್ಬೇಕಪ್ಪ?" ಎಂದಳು ಅವಳು, ಕುರ್ಪಿಯ ಹಿಡಿ ಒರೆಸುತ್ತಾ. "ಇದ್ದಬದ್ದದ್ದನ್ನೆಲ್ಲ ಹಿತ್ತಲಲ್ಲಿ ಬಿತ್ತಿಬಿಟ್ಟಿದಾರೆ!"