ಬಂಡೆ ಕಚ್ಚುವ ಹಗುರ ಶೂ

ಬಂಡೆ ಹತ್ತುವವರಿಗೆ ಅವಘಡಗಳು ಬಂಡೆಯ ಮೇಲೆ ಆಗುತ್ತವೆ ಎಂದು ಜನ ತಿಳಿದಿದ್ದಾರೆ. ನನಗೆ ಆದದ್ದೆಲ್ಲ ಊರೊಳಗೆ, ಅದೂ ಒಂದೇ ವಾರದಲ್ಲಿ.

ಎಪ್ಪತ್ತರ ದಶಕದ ಕೊನೆ. ಬೇರೆ ಬೇರೆ ಕಚೇರಿಗಳ ಗುಮಾಸ್ತರು ನಾವು ಕೆಲವರು ಭಾನುವಾರ ಮೊದಲ ರೈಲು ಹಿಡಿದು ರಾಮನಗರಕ್ಕೆ ಹೋಗುತ್ತಿದ್ದೆವು. ಸಂಜೆಯವರೆಗೆ ಹಗ್ಗ ಕಟ್ಟಿಕೊಂಡು ಬಂಡೆ ಹತ್ತಿ, ಸೋಮವಾರ ಕುರ್ಚಿಯಲ್ಲಿ ಕೂರಲಾಗದೆ ನಿಂತೇ ಫೈಲು ನೋಡುತ್ತಿದ್ದೆವು. ನಮ್ಮ ನಾಯಕರು ಚಾಮರಾಜಪೇಟೆಯವರು. ಹಿಮಾಲಯದ ಕಡೆ ಯಾವುದೋ ತರಬೇತಿ ಶಿಬಿರಕ್ಕೆ ಹೋಗಿ ಬಂದಿದ್ದರು. ಆದ್ದರಿಂದ ಅವರು ಹೇಳಿದ್ದೇ ಕಾನೂನು. ಆ ಕಾನೂನಿನ ಪ್ರಕಾರ ನನ್ನ ಕೆಲಸ ಚೀಲ ಕಾಯುವುದು. ಕಾರಣ ನನ್ನ ದಪ್ಪ ಬೂಟು. ಹೊಲ, ಕುರುಚಲು ಕಾಡು ದಾಟಿ ಬಂಡೆಯ ಬುಡ ಮುಟ್ಟುವಷ್ಟರಲ್ಲಿ ನಾನು ಸುಸ್ತು. ಹತ್ತಲು ಹೋದರೆ ಬೂಟು ಜಾರುತ್ತಿತ್ತು. ಮೇಲೆ ಎಲ್ಲರೂ ಕೇಕೆ ಹಾಕುತ್ತಿರುವಾಗ ನಾನು ಕೆಳಗೆ ಚಿತ್ರಾನ್ನದ ವಿಷಯವಾಗಿ ಕೋತಿಗಳ ಜೊತೆ ಸಂಧಾನ ನಡೆಸುತ್ತಿದ್ದೆ.

ಒಂದು ಭಾನುವಾರ ನಾಯಕರು ಹೇಳಿದರು: "ಮುಂದಿನ ವಾರ ದೊಡ್ಡ ಬಂಡೆ. ನಡೆಯೋಕೆ ಹಗುರ ಇರ್ಬೇಕು, ಬಂಡೇನ ಕಚ್ಚಿ ಹಿಡೀಬೇಕು. ಅಂಥ ಶೂ ತಗೊಂಡು ಬಾ, ಹಗ್ಗಕ್ಕೆ ಕಟ್ತೀನಿ. ಇಲ್ಲಾಂದ್ರೆ ನೀನುಂಟು, ಕೋತಿಗಳುಂಟು."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಕೋತಿಗಳಿಗೆ ಕೊನೆಯ ನಮಸ್ಕಾರ ಹೇಳುವ ದಿನ ಬಂದಿತ್ತು.

ಬಾಳಿಕೆ

ಸೋಮವಾರ ಕಚೇರಿ ಬಿಟ್ಟ ತಕ್ಷಣ ಮಾಮೂಲ್‌ಪೇಟೆಯ ಶೂ ಅಂಗಡಿಗೆ ಓಡಿದೆ.

"ಆಫೀಸಿಗಾ, ಮದುವೆಗಾ?" ಎಂದರು ಅಂಗಡಿಯವರು.

"ಬಂಡೆ ಹತ್ತೋಕೆ."

"ಅಲ್ಲಿಗೆ ಬಸ್ ಹೋಗಲ್ವಾ?"

"ಹೋಗಲ್ಲ."

ಅವರಿಗೆ ನನ್ನ ಮೇಲೆ ಮರುಕ ಹುಟ್ಟಿತು. ಒಳಗಿನಿಂದ ಪೊಲೀಸರು ಹಾಕುವಂಥ ಬೂಟು ತಂದು ಗಲ್ಲಾದ ಮೇಲೆ ಕುಕ್ಕಿದರು. ಗಲ್ಲಾ ಅಲುಗಾಡಿತು. "ತಗೊಳ್ಳಿ, ನಿಮ್ಮ ಮಗನೂ ಹಾಕ್ಕೋಬಹುದು."

"ನಂಗೆ ಹಗುರದ್ದು ಬೇಕು."

"ಹಗುರದ್ದು ಬಾಳಿಕೆ ಬರಲ್ಲ ಸಾರ್."

"ಬಂಡೆ ಮೇಲೆ ಬಾಳಿಕೆ ಬರಬೇಕಾದ್ದು ನಾನು. ಶೂ ಅಲ್ಲ."

ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ಶೂ ಯಾಕೆ ಸಾರ್? ಮನೇಲಿರಿ."

ತಕ್ಕಡಿ

ಕೊನೆಗೆ ಅದೇ ಅಂಗಡಿಯಲ್ಲಿ ಎರಡು ಜೊತೆ ಕ್ಯಾನ್ವಾಸ್ ಶೂ ಸಿಕ್ಕವು. ಒಂದರ ಅಡಿ ಬಿಳಿ, ಒಂದರ ಅಡಿ ಕಪ್ಪು. ಸೀರೆ ಅಂಗಡಿಯವರು ಮಾಡುವ ಹಾಗೆ, "ಎರಡೂ ಒಯ್ಯಿರಿ, ಮನೇಲಿ ತೋರಿಸಿ ಒಂದು ವಾಪಸ್ ತನ್ನಿ" ಎಂದರು. ನನಗೆ ಬೇಕಾಗಿದ್ದು ಮನೆಯವರ ಒಪ್ಪಿಗೆಯಲ್ಲ, ತೂಕ. ನಮ್ಮ ದಿನಸಿ ಅಂಗಡಿಯವರನ್ನು ಕೇಳಿದೆ.

"ಇದೇ ತಕ್ಕಡೀಲಿ ಬೆಲ್ಲ ತೂಗ್ತೀವಿ ಸ್ವಾಮಿ," ಎಂದು ಅವರು ತಕ್ಕಡಿಯನ್ನೇ ಬಚ್ಚಿಟ್ಟರು.

ಹಳೇ ಪೇಪರ್ ಅಂಗಡಿಯವನಿಗೆ ಅಂಥ ಮಡಿ ಇರಲಿಲ್ಲ. ತೂಗಿದ. ಕಪ್ಪು ಅಡಿಯದು ಹಗುರ! ನನಗೆ ಕುಣಿಯುವಷ್ಟು ಖುಷಿ. ಅವನ ಮುಖ ಮಾತ್ರ ಬಾಡಿತು. "ಇಷ್ಟು ಹಗುರ ಇದ್ರೆ ನಿಮಗೇನೂ ಗಿಟ್ಟಲ್ಲ ಸಾರ್. ಮನೇಲಿ ಹಿತ್ತಾಳೆ ಏನಾದ್ರೂ ಇದ್ರೆ ತನ್ನಿ."

ಇದನ್ನು ನಮ್ಮ ಪಕ್ಕದ ಮನೆಯವರು ರಸ್ತೆಯ ಆಚೆಯಿಂದ ನೋಡಿದ್ದಾರೆ. ನಾನು ಮನೆ ಸೇರುವಷ್ಟರಲ್ಲಿ ಅವರ ಮನೆಯಿಂದ ಒಂದು ಪಾತ್ರೆ ಹುಳಿ ಬಂದು ಕೂತಿತ್ತು. ಅಮ್ಮ ಕೇಳಿದಳು: "ನಿಂಗೆ ಸಂಬಳ ನಿಂತುಹೋಗಿದೆಯಂತೆ, ನಂಗೆ ಯಾಕೋ ಹೇಳ್ಲಿಲ್ಲ?"

ಹುಳಿ ಚೆನ್ನಾಗಿತ್ತು. ಸಂಬಳ ಬರುತ್ತಿದೆ ಎಂಬ ಸತ್ಯವನ್ನು ಊಟ ಆದ ಮೇಲೆ ಹೇಳಿದೆ.

ಒಂದೊಂದು ಕಾಲಿಗೆ ಒಂದೊಂದು

ಹಗುರವೇನೋ ಸರಿ, ಬಂಡೆ ಕಚ್ಚುವುದು ಯಾವುದು? ಬಲಗಾಲಿಗೆ ಬಿಳಿ ಅಡಿ, ಎಡಗಾಲಿಗೆ ಕಪ್ಪು ಅಡಿ ಹಾಕಿಕೊಂಡು ಸಂಜೆ ಊರೊಳಗಿನ ಪಾರ್ಕಿನಲ್ಲಿರುವ ಕಹಳೆ ಬಂಡೆಯ ಕಡಿದಾದ ಮಗ್ಗುಲಿಗೆ ಹೋದೆ. ಅರ್ಧ ಹತ್ತಿದ್ದೆ, ಬಲಗಾಲು ಜಾರಿತು. ಎಡಗಾಲು ಬಂಡೆಗೆ ಹಲ್ಲಿಯ ಹಾಗೆ ಅಂಟಿಕೊಂಡಿತು. ನನ್ನ ಎದೆ ಸಂತೋಷದಿಂದ ಡವಡವ ಹೊಡೆದುಕೊಂಡಿತು. ಭಯವೂ ಸ್ವಲ್ಪ ಸೇರಿರಬಹುದು.

ಅಷ್ಟರಲ್ಲಿ ವಾಕಿಂಗ್ ಬಂದಿದ್ದ ಪಿಂಚಣಿದಾರರು ಕೆಳಗೆ ಗುಂಪು ಸೇರಿದರು.

"ಅವಸರದಲ್ಲಿ ಶೂ ಅದಲುಬದಲಾಗಿದೆ, ಪಾಪ."

"ಏನಪ್ಪಾ, ಮನೇಲಿ ಜಗಳ ಏನಾದ್ರೂ?"

"ಎಡಗೈ ಬಿಡಿ, ಬಲಗೈ ಮೇಲಕ್ಕೆ ಹಾಕಿ," ಎಂದರು ನಿವೃತ್ತ ಎಂಜಿನಿಯರೊಬ್ಬರು.

"ಎರಡೂ ಬಿಡಬೇಡಿ," ಎಂದರು ನಿವೃತ್ತ ವಕೀಲರು.

ವಾದ ಬಿಸಿಯೇರಿತು. ನಾನು ನೇತಾಡುತ್ತಿರುವಾಗಲೇ ಮಾತು ನಿಂತುಹೋಯಿತು. ಮನೆಗೆ ಹೋದರೇನೋ ಎಂದುಕೊಂಡೆ. ಮುಂದಿನ ಧ್ವನಿ ನನ್ನ ತಲೆಯ ಮೇಲಿನಿಂದ ಬಂತು. ಕೆಳಗಿನಿಂದ ಹೇಳಿದ್ದು ಸರಿಯಾಗಿ ಕೇಳಿಸುತ್ತಿಲ್ಲವೆಂದು ಎಲ್ಲರೂ ಹವಾಯಿ ಚಪ್ಪಲಿಯಲ್ಲೇ ಹಿಂದಿನ ಇಳಿಜಾರಿನಿಂದ ಮೇಲೆ ಬಂದು ನಿಂತಿದ್ದರು.

ಬಿಳಿ ಅಡಿಯ ಜೊತೆಯನ್ನು ಚೆನ್ನಾಗಿ ಒರೆಸಿ ವಾಪಸ್ ಕೊಟ್ಟೆ. ಅಂಗಡಿಯವರು ಅಡಿಯನ್ನು ತಿರುಗಿಸಿ ನೋಡಿ, "ಮನೇಲಿ ಯಾರಿಗೆ ತೋರಿಸಿದ್ರಿ ಸಾರ್?" ಎಂದರು.

ಅಪ್ಪನ ವಾಕಿಂಗ್

ಆ ಸಾಹಸದಲ್ಲಿ ಎಡಗಾಲಿನ ಲೇಸು ತುಂಡಾಗಿತ್ತು. ಅಮ್ಮ ಹಳೇ ಲಂಗದಿಂದ ಕೆಂಪು ಲಾಡಿ ಎಳೆದು ಪೋಣಿಸಿ, "ಇದು ಏನು ಮಾಡಿದ್ರೂ ಬಿಚ್ಚಲ್ಲ," ಎಂದು ಗಂಟು ಹಾಕಿಕೊಟ್ಟಳು.

ಅಪ್ಪ ರಿಟೈರಾದ ಹೆಡ್‌ಮಾಸ್ಟರು. "ಬಂಡೆಗೂ ಒಂದು ಶೂ!" ಎಂದು ನಕ್ಕು ಕಾಲು ತೂರಿಸಿ ನೋಡಿದರು. ಮರುದಿನ ಹಾಲಿಗೆ ಹಾಕಿಕೊಂಡು ಹೋದರು. ಆಮೇಲೆ ವಾಕಿಂಗಿಗೆ. "ಕಾಲಲ್ಲಿ ಏನೂ ಇಲ್ಲದ ಹಾಗಿದೆ ಕಣೋ!" ಶನಿವಾರ ಸಂಜೆ ನಾನು ಹಗ್ಗ ಸುತ್ತುತ್ತಾ ಕೂತಿದ್ದಾಗ, ಪಂಚೆಯ ಕೆಳಗೆ ಅದನ್ನೇ ಹಾಕಿಕೊಂಡು ವಿಶ್ವೇಶ್ವರಪುರದ ಕಲ್ಯಾಣ ಮಂಟಪಕ್ಕೆ ಆರತಕ್ಷತೆಗೆ ಹೊರಟುಬಿಟ್ಟಿದ್ದರು.

ಹಿಂದಿರುಗಿದಾಗ ಗೇಟಿನಿಂದಲೇ ಟಕ್ ಟಕ್ ಎಂದು ಕೇಳಿಸಿತು. ಕಾಲಲ್ಲಿ ಕಪ್ಪು ಚರ್ಮದ ಶೂ, ಹಿಮ್ಮಡಿಗೆ ಕಬ್ಬಿಣದ ಲಾಳ.

"ಅಪ್ಪಾ, ಇದು ನಮ್ಮದಲ್ಲ!"

"ಗೊತ್ತು. ನಮ್ಮದು ಬಾಗಿಲಲ್ಲಿ ಇರ್ಲಿಲ್ಲ. ಉಳಿದಿದ್ದು ಇದೊಂದೇ ಜೊತೆ. ಬರಿಗಾಲಲ್ಲಿ ಬರೋಕಾಗುತ್ತಾ?"

"ನಾಳೆ ದೊಡ್ಡ ಬಂಡೆ ಅಪ್ಪಾ!"

ಅಪ್ಪ ಒಂದು ಶೂ ಬಿಚ್ಚಿ ನನ್ನ ಕೈಗಿಟ್ಟರು. "ಎತ್ತಿ ನೋಡು. ತೂಕ ಹೇಗಿದೆ! ನಾವೇ ಲಾಭದಲ್ಲಿದ್ದೀವಿ."

ಹಿಮಾಲಯದ ಪದ್ಧತಿ

ನನ್ನ ಹಳೇ ಬೂಟನ್ನು ಹೊಸದು ಬಂದ ಉತ್ಸಾಹದಲ್ಲಿ ಯಾರಿಗೋ ಕೊಟ್ಟುಬಿಟ್ಟಿದ್ದೆ. ಬೆಳಗ್ಗೆ ಲಾಳದ ಶೂ ಹಾಕಿಕೊಂಡು, ಕೋತಿಗಳಿಗೆಂದು ನಾಲ್ಕು ಬಾಳೆಹಣ್ಣು ಇಟ್ಟುಕೊಂಡು ಸ್ಟೇಷನ್ನಿಗೆ ಹೋದೆ. ನಾಯಕರು ಪ್ಲಾಟ್‌ಫಾರಂ ಬೆಂಚಿನ ಮೇಲೆ ಒಂದು ಕಾಲಿಟ್ಟು ಉಳಿದವರಿಗೆ ಪಾಠ ಮಾಡುತ್ತಿದ್ದರು.

"ಶೂ ಅಂದ್ರೆ ಹಿಂಗಿರ್ಬೇಕು. ಹಾಕ್ಕೊಂಡಿದ್ದೇ ಗೊತ್ತಾಗಲ್ಲ. ಅಡಿ ನೋಡಿ, ಕಪ್ಪು."

"ಗುರೂ, ಎಡಗಾಲಿಗೆ ಅದೇನು ಕೆಂಪಗೆ?" ಎಂದು ಒಬ್ಬ ಕೇಳಿದ.

ನಾಯಕರು ಕಾಲನ್ನೇ ಒಂದು ಕ್ಷಣ ನೋಡಿದರು. "ಇದಾ? ಹಿಮಾಲಯದ ಪದ್ಧತಿ. ಹಿಮದಲ್ಲಿ ನೆಂದ್ರೂ ಬಿಚ್ಚಲ್ಲ. ಒಂದೇ ಕಾಲಿಗೆ ಕಟ್ಟೋದು."

ನಾನು ಹತ್ತಿರ ಹೋದೆ. ಟಕ್ ಟಕ್. ಆ ಸದ್ದಿಗೆ ನಾಯಕರು ಗಕ್ಕನೆ ತಿರುಗಿದರು. ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. ನಾನೂ ಅವರ ಮುಖ ನೋಡಲಿಲ್ಲ.

"ಶೂ ಎಲ್ಲಿ ಸಿಕ್ತು?" ಎಂದರು ಮೆತ್ತಗೆ.

"ವಿಶ್ವೇಶ್ವರಪುರದಲ್ಲಿ. ನಿಮ್ಮದು?"

"ಅಲ್ಲೇ... ಆ ಕಡೇನೇ."

ರಾಮನಗರದವರೆಗೆ ಅವರು ಕಿಟಕಿಯಾಚೆ ನೋಡುತ್ತಾ ಕೂತರು. ಬಂಡೆಯ ಬುಡದಲ್ಲಿ ಇದ್ದಕ್ಕಿದ್ದಂತೆ ಮಂಡಿ ಹಿಡಿದುಕೊಂಡರು. "ಯಾಕೋ ನೋವು. ಇವತ್ತು ಮೊದಲು ನೀನು ಹತ್ತು. ನನ್ನ ಶೂ ಹಾಕ್ಕೋ, ಪರವಾಗಿಲ್ಲ. ಚೀಲ ನಾನು ನೋಡ್ಕೋತೀನಿ."

ಅವರ ಔದಾರ್ಯಕ್ಕೆ ಉಳಿದವರ ಕಣ್ಣು ಒದ್ದೆಯಾಯಿತು. ನಾನು ಬಾಳೆಹಣ್ಣನ್ನು ಅವರ ಕೈಗೆ ಕೊಟ್ಟು ಹತ್ತಿದೆ. ಏನು ಹೇಳಲಿ! ಕಾಲಿಟ್ಟಲ್ಲಿ ಕಾಲು, ಹಿಡಿದಲ್ಲಿ ಕೈ. ಬಂಡೆಯೇ ನನ್ನನ್ನು ಮೇಲಕ್ಕೆ ದೂಡುತ್ತಿದ್ದಂತಿತ್ತು. ತುದಿಯಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದೆ. ಬಹಳ ಕೆಳಗೆ ಲಾಳದ ಶೂ ಹಾಕಿಕೊಂಡು ನಾಯಕರು ಒಂದು ದೊಡ್ಡ ಕೋತಿಗೆ ಏನನ್ನೋ ವಿವರಿಸುತ್ತಿದ್ದರು.

ಮುಂದಿನ ಭಾನುವಾರ ಪ್ಲಾಟ್‌ಫಾರಂಗೆ ಬಂದವರೆಲ್ಲರ ಎಡಗಾಲಿನಲ್ಲೂ ಕೆಂಪು ಲಾಡಿ. ಒಬ್ಬನದು ಮಾತ್ರ ಹಸಿರು. ಅವನು ನಾಯಕರ ಬಳಿ ಹೋಗಿ ಸಂಕೋಚದಿಂದ ಕೇಳಿದ: "ನಮ್ಮಮ್ಮನ ಹತ್ರ ಕೆಂಪು ಇರ್ಲಿಲ್ಲ ಗುರೂ. ಹಿಮಾಲಯದಲ್ಲಿ ಹಸಿರು ನಡೆಯುತ್ತಾ?"