ಅಶೋಕಕುಮಾರನ ಜೋಡಿ ರಾಕ್ಷಸರು

ಅಂಗಡಿಯಲ್ಲಿ ಸಿಗುವ ರಾಕ್ಷಸರು ಭಾರಿ ದುಬಾರಿ, ಮನೆಯಲ್ಲಿ ಮಾಡಿಕೊಂಡರೆ ಪುಕ್ಕಟೆ ಎಂಬುದು ಅಶೋಕಕುಮಾರನ ಮಹಾಸಿದ್ಧಾಂತವಾಗಿತ್ತು. ಶಹಾಬಾದಿನ ಕಾಲೇಜೊಂದರ ಪ್ರಯೋಗಾಲಯದಲ್ಲಿ ಗಾಜಿನ ನಳಿಕೆ ತೊಳೆದಿಡುವ ಈ ಸದ್ಗೃಹಸ್ಥನಿಗೆ ಮೊಬೈಲು ನೋಡಿ ನೋಡಿ ಒಂದು ಆಟದ ಹುಚ್ಚು ಹತ್ತಿತ್ತು. ಒಬ್ಬ ಕಥೆ ಹೇಳಬೇಕು. ಉಳಿದವರು ವೀರರಾಗಿ ದಾಳ ಉರುಳಿಸಿ, ಮೇಜಿನ ಮೇಲೆ ನಿಲ್ಲಿಸಿದ ಬೆರಳುದ್ದದ ರಾಕ್ಷಸರನ್ನು ಕೊಲ್ಲಬೇಕು. ಊರಿನಲ್ಲಿ ಸಿಕ್ಕ ವೀರರು ಇಬ್ಬರೇ. ವೆಲ್ಡಿಂಗ್ ಅಂಗಡಿಯ ಚಾಂದ್, ಔಷಧದ ಅಂಗಡಿಯ ಸೂಗಪ್ಪ. ರಾಕ್ಷಸರಿಗೆ ಮಾತ್ರ ಕೊರತೆ ಇರಲಿಲ್ಲ. ಸೋಡಾ ಬಾಟಲಿಯ ಮುಚ್ಚಳ, ಸವೆದ ಬ್ರಷ್ಷು, ಹೆಂಡತಿ ಉಮಾದೇವಿಯ ತಲೆಪಿನ್ನು, ಎಲ್ಲಕ್ಕೂ ಅವನ ಕೈಯಲ್ಲಿ ಅಸುರಜನ್ಮ ಪ್ರಾಪ್ತವಾಗುತ್ತಿತ್ತು. (ಉಮಾದೇವಿ ಕೂದಲು ಬಿಟ್ಟುಕೊಂಡು ಓಡಾಡುವುದು ಫ್ಯಾಷನ್ನಿಗಾಗಿ ಅಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು.)

ಈ ವರ್ಷ ಶಿವರಾತ್ರಿಯ ಹೊತ್ತಿಗೆ ಅವನ ತಂದೆ ಮಡಿವಾಳಯ್ಯ ತೀರಿಕೊಂಡರು. ಆಟ ನಿಂತಿತು. ತಾಯಿ ರತ್ನಾಬಾಯಿ ಅಳಲಿಲ್ಲ. ಮಣ್ಣು ಮಾಡುವಾಗಲೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ಬಂದ ನೆಂಟರೆಲ್ಲ ಅಶೋಕಕುಮಾರನನ್ನು ಬದಿಗೆ ಕರೆದು, "ಅಳು ಒಳಗ ಉಳೀಬಾರ್ದಪ್ಪ, ಎದಿಗಿ ಹತ್ತತದ. ಹ್ಯಾಂಗರ ಮಾಡಿ ಅಳಸು" ಎಂದು ಹೇಳಿ ಹೋದರು. ಅವನು ಪ್ರಯತ್ನಪಟ್ಟ. ಹಳೆಯ ಫೋಟೋ ತೋರಿಸಿದ. ತಾಯಿ ಅದರ ಧೂಳು ಒರೆಸಿದರು. ಅಪ್ಪನ ಟೋಪಿಯನ್ನು ಕಣ್ಣಿಗೆ ಬೀಳುವಂತೆ ಇಟ್ಟ. ಅವರು ಅದನ್ನು ಒಗೆದು ಮಡಿಚಿಟ್ಟರು. ತಾನಂತೂ ಗಟ್ಟಿಯಾಗಿಯೇ ಇದ್ದ. ಮನೆಯ ಹಿರಿಯನಾದವನು ಅತ್ತರೆ ಉಳಿದವರ ಗತಿಯೇನು?

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಪ್ರತಿ ವರ್ಷ ಮಡಿವಾಳಯ್ಯನವರೇ ಮಣ್ಣು ಕಲಸಿ, ಪೂಜೆಗೆ ಜೋಡಿ ಎತ್ತು ಮಾಡಿ, ಕಡಬಿನ ಎಡೆ ಇಡುತ್ತಿದ್ದರು. ಆದರೆ ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ. ಅಂದು ಬೆಳಿಗ್ಗೆ ಚಾಂದ್ ಕಾಗಿಣಾ ಹೊಳೆಯ ದಂಡೆಯ ಜಿಗುಟು ಮಣ್ಣನ್ನು ಒಂದು ಬುಟ್ಟಿ ತಂದು ಬಾಗಿಲಲ್ಲಿ ಇಳಿಸಿದ.

"ಹಬ್ಬ ಬ್ಯಾಡಂದ್ರ ಬ್ಯಾಡ, ರಾಕ್ಷಸರನ್ನರ ಮಾಡು. ಎಷ್ಟ್ ದಿನ ಹಿಂಗ ಗೋಡಿ ನೋಡಕೋತ ಕುಂದ್ರತಿ? ಐತಾರ ನಾವು ಬರ್ತೀವಿ."

ಅಶೋಕಕುಮಾರ ಪಡಸಾಲೆಯಲ್ಲಿ ಮಣ್ಣು ಕಲಸತೊಡಗಿದ.

"ಏನ್ ಮಾಡ್ಲಿಕತ್ತೀರಿ?" ಎಂದಳು ಉಮಾದೇವಿ.

"ರಾಕ್ಷಸನ್ನ."

"ಮನ್ಯಾಗ ಒಬ್ಬಾಂವ ಇದ್ದಾನಲ್ಲ, ಸಾಲ್ದೇನು? ಮುಂಜಾನೆ ಒರಸಿದ ನೆಲ ಅದು."

ಅಷ್ಟರಲ್ಲಿ ರತ್ನಾಬಾಯಿ ಬಂದು ಮಗನ ಎದುರು ಕುಳಿತರು. ಅವನ ಕೈಯಲ್ಲಿದ್ದ ಘೋರಾಕೃತಿಯನ್ನು ಬಹಳ ಹೊತ್ತು ನೋಡಿದರು.

"ಏನೋ ಇದು?"

"ಮೂರು ತಲಿ ರಾಕ್ಷಸ, ಯವ್ವಾ."

"ಇಷ್ಟು ತಲಿ ಹೊತ್ತು ಇಂಥಾ ಕಡ್ಡಿ ಕಾಲಿನ ಮ್ಯಾಲ ಹ್ಯಾಂಗ ನಿಂದರ್ತದ? ಕೊಡಿಲ್ಲಿ."

ಅವರು ಕಾಲು ದಪ್ಪ ಮಾಡಿದರು. ಬೆನ್ನು ನೀವಿ, ಹೆಗಲ ಮೇಲೆ ಒಂದು ಡುಬ್ಬ ಕೂರಿಸಿದರು. ಅಡುಗೆಮನೆಯಿಂದ ತೊಗರಿ ಕಾಳು ತರಿಸಿ ಕಣ್ಣು ಇಟ್ಟರು.

"ರಾಕ್ಷಸಗ ಡುಬ್ಬ ಯಾಕ ಯವ್ವಾ?"

"ಮತ್ತ ನೊಗ ಎಲ್ಲಿ ಇಡ್ತಿ?"

ಅಶೋಕಕುಮಾರನ ಸಮಸ್ತ ಅಸುರಶಾಸ್ತ್ರದಲ್ಲೂ ನೊಗದ ಪ್ರಸ್ತಾಪವೇ ಇರಲಿಲ್ಲ. ಅವರು ಅಂಥದ್ದೇ ಇನ್ನೊಂದನ್ನು ಮಾಡಿ ಪಕ್ಕದಲ್ಲಿ ನಿಲ್ಲಿಸಿದರು. "ಒಂಟಿ ಮಾಡಬಾರ್ದು" ಎಂದರು. ಸಂಜೆಯ ಹೊತ್ತಿಗೆ ಬೆಂಕಿ ಉಗುಳುವವರು, ರಕ್ತ ಕುಡಿಯುವವರು, ಎಲ್ಲರೂ ಜೋಡಿಜೋಡಿಯಾಗಿ, ಡುಬ್ಬ ಹೊತ್ತು, ಸಾಧು ಕಣ್ಣುಗಳಿಂದ ಮೇವಿನ ದಾರಿ ಕಾಯುತ್ತ ಸಾಲಾಗಿ ನಿಂತಿದ್ದರು.

ಭಾನುವಾರ ಆಟ ಶುರುವಾಯಿತು. "ಅಗೋ, ಗವಿಯಿಂದ ಹೊರಬಿದ್ದರು ಮೂರು ತಲೆಯ ಮಹಾದೈತ್ಯರು" ಎಂದು ಅಶೋಕಕುಮಾರ ಗಂಭೀರ ಧ್ವನಿಯಲ್ಲಿ ಸಾರಿ ಒಂದು ಜೋಡಿಯನ್ನು ಮುಂದಕ್ಕೆ ಸರಿಸಿದ.

ಚಾಂದ್ ಬಗ್ಗಿ ನೋಡಿದ. "ಇದರ ಮಾರಿ ನೋಡಿದ್ರ ಕಡಬು ತಿನಸಬೇಕು ಅನಸ್ತದ. ಕತ್ತಿ ಹ್ಯಾಂಗ ಎತ್ತಲಿ?"

"ಆಟ ಅಂದ್ರ ಆಟ. ಹಾಕು ದಾಳ" ಎಂದ ಸೂಗಪ್ಪ.

ದಾಳದಲ್ಲಿ ದೊಡ್ಡ ಅಂಕಿಯೇ ಬಿತ್ತು. ನಿಯಮದಂತೆ ಅಶೋಕಕುಮಾರ ಒಬ್ಬ ರಾಕ್ಷಸನನ್ನು ಮಗ್ಗುಲಿಗೆ ಮಲಗಿಸಿದ.

"ಯಾಕ ಮಲಗಿಸಿದಿ ಅದನ್ನ?" ಬಾಗಿಲಲ್ಲಿ ರತ್ನಾಬಾಯಿ ನಿಂತಿದ್ದರು.

"ಅದು ಸತ್ತದ, ಯವ್ವಾ."

ಸೂಗಪ್ಪ ದಾಳವನ್ನು ಕಿಸೆಯಲ್ಲಿ ಅಡಗಿಸಿದ. ಈಗ ಅಳುತ್ತಾರೆ ಎಂದು ಉಮಾದೇವಿ ನೀರಿನ ಲೋಟ ಹಿಡಿದು ಹತ್ತಿರ ಬಂದಳು.

ರತ್ನಾಬಾಯಿ ಅಳಲಿಲ್ಲ. ಮೇಜಿನ ಹತ್ತಿರ ಬಂದು, ನಿಂತೇ ಇದ್ದ ಇನ್ನೊಂದರ ಬೆನ್ನ ಮೇಲೆ ಬೆರಳಿಟ್ಟು ಕೇಳಿದರು.

"ಇದು ಈಗ ಏನ್ ಮಾಡ್ತದ?"

ಕಥೆ ಹೇಳುವವನೇ ಹೇಳಬೇಕು, ಆಟದ ಕಟ್ಟಳೆ ಅದು. ಒಂದೋ ಅದು ವೀರರ ಮೈಮೇಲೆ ಬೀಳಬೇಕು, ಇಲ್ಲವೇ ಗವಿಗೆ ಓಡಬೇಕು. ಅಶೋಕಕುಮಾರ ಬಾಯಿ ತೆರೆದ. "ಅದು…" ಎಂದ. ತೊಗರಿ ಕಾಳಿನ ಕಣ್ಣು ಅವನನ್ನೇ ನೋಡುತ್ತಿತ್ತು. "ಅದು, ಯವ್ವಾ…" ಎಂದವನು ಮೇಜಿನ ಮೇಲೆ ತಲೆಯಿಟ್ಟು ಅಳತೊಡಗಿದ. ಅದೇನು ಸಾಮಾನ್ಯ ಅಳುವೇ? ಪಕ್ಕದ ಮನೆಯ ಅಮೀರ್ಬೀ ಗೋಡೆಯ ಮೇಲಿಂದ ಇಣುಕಿ, ಯಾರಿಗೆ ಏನಾಯಿತೆಂದು ಕೇಳಿದಳು. ಚಾಂದ್ ಬೆನ್ನು ತಟ್ಟುತ್ತ, "ನಾ ಸೋತೀನಿ ಬಿಡಪ್ಪ, ಅದನ್ನ ಎಬ್ಬಸು" ಎಂದು ಬೇಡಿಕೊಂಡ. ಉಮಾದೇವಿ ಅತ್ತೆಗೆಂದು ತಂದ ನೀರನ್ನು ಗಂಡನ ಬಾಯಿಗೆ ಹಿಡಿದಳು.

"ಅಳಬೇಕಾದವ್ರು ಅವ್ರು. ನೀವ್ಯಾಕ್ರಿ ಮತ್ತ?"

"ಅಳಲಿ ಬಿಡು" ಎಂದರು ರತ್ನಾಬಾಯಿ. ಮಗನ ಪಕ್ಕ ಕುಳಿತು ಅವನ ತಲೆಯನ್ನು ತೊಡೆಗೆ ಎಳೆದುಕೊಂಡರು. "ಇಂವ ಯಾವಾಗ ಅಳ್ತಾನಂತ ನಾ ಶಿವರಾತ್ರಿಯಿಂದ ಕಾಯಾಕತ್ತೀನಿ. ಇಬ್ಬರೂ ಕೂಡೇ ಅತ್ರ ಹಿಡಿಯೋರ್ಯಾರು?"

ಅವನ ಬಿಕ್ಕು ನಿಲ್ಲುವ ತನಕ ಅವರು ಬೆನ್ನು ಸವರುತ್ತಲೇ ಇದ್ದರು. ಆಮೇಲೆ ಸೆರಗಿನಿಂದ ಅವನ ಮೂಗು ಒರೆಸಿ, ಅವನನ್ನು ನೆಟ್ಟಗೆ ಕೂರಿಸಿದರು.

"ಆತೇನು ನಿಂದು? ಸರಕೋ. ಇನ್ನ ನನ್ನ ಪಾಳಿ" ಎಂದು ಅದೇ ಸೆರಗನ್ನು ಮುಖಕ್ಕೆ ಮುಚ್ಚಿಕೊಂಡರು.